ಕಿರಿದಾದ ಜಠರವೂ ಕಚೇರಿಯ ಊಟವೂ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಊಟದ ವಿದ್ಯೆಯೇ ಬೇರೆ, ಮಾತಿನ ವಿದ್ಯೆಯೇ ಬೇರೆ ಎಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಆದರೆ ಈ ಎರಡು ವಿದ್ಯೆಗಳೂ ಒಂದೇ ಗಳಿಗೆಯಲ್ಲಿ, ಒಂದೇ ಟಿಫಿನ್ ಡಬ್ಬಿಯ ಮುಂದೆ ಬೇಕಾಗುವ ಒಂದು ವರ್ಗದವರು ಈಗ ನಮ್ಮ ನಡುವೆ ಇದ್ದಾರೆ. ಅತಿಸ್ಥೂಲತೆಯ ನಿವಾರಣೆಗಾಗಿ ಜಠರದ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡು, ಮರಳಿ ಉದ್ಯೋಗಕ್ಕೆ ಹೋಗತೊಡಗಿದ ಸ್ತ್ರೀಪುರುಷರೇ ಆ ವರ್ಗದವರು. ಅವರ ಕಷ್ಟವನ್ನೂ, ಅದನ್ನು ನೀಗಿಕೊಳ್ಳುವ ಬಗೆಯನ್ನೂ ಕುರಿತು ಗೃಹಸ್ಥರಾದ ನಮ್ಮ ವಾಚಕರಿಗೆ ನಾಲ್ಕು ಮಾತುಗಳನ್ನು ಅರಿಕೆಮಾಡಬೇಕೆಂದು ನಾವು ಎಣಿಸಿದ್ದೇವೆ.

ಈ ಚಿಕಿತ್ಸೆಯು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾಕ್ಟರ್ ಎಡ್ವರ್ಡ್ ಮೇಸನ್ ಮತ್ತು ಡಾಕ್ಟರ್ ಚಿಕಾಶಿ ಇಟೊ ಎಂಬವರು 1966ರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಕ್ರಮಕ್ಕೆ ಮೊದಲು ಮಾಡಿದರು. ಈಗಿನ ರೂಢಿಯಂತೆ ಅದರಲ್ಲಿ ಜಠರದ ಮೇಲ್ಭಾಗದಿಂದ ಸುಮಾರು 30 ಮಿಲಿಲೀಟರು ಹಿಡಿಯುವಷ್ಟು ಸಣ್ಣ ಚೀಲವೊಂದನ್ನು ಬೇರ್ಪಡಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂಬ ಇನ್ನೊಂದು ಕ್ರಮದಲ್ಲಿ ಜಠರದ ನಾಲ್ಕರಲ್ಲಿ ಮೂರು ಪಾಲನ್ನು, ಕೆಲವೊಮ್ಮೆ ಅದಕ್ಕಿಂತ ತುಸು ಹೆಚ್ಚನ್ನು, ತೆಗೆದುಹಾಕಿ, ಬಾಳೆಕಾಯಿಯ ಆಕಾರದ ಕೊಳವೆಯನ್ನು ಮಾತ್ರ ಉಳಿಸುತ್ತಾರೆ. ಸೌಂದರ್ಯಕ್ಕಾಗಿ ಮಾಡಿಸಿಕೊಳ್ಳುವ ಚಿಕಿತ್ಸೆ ಇದೆಂದು ಭಾವಿಸುವವರು ತಪ್ಪು ತಿಳಿದಿದ್ದಾರೆ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ನಿದ್ರೆಯಲ್ಲಿ ಉಸಿರು ಕಟ್ಟುವ ವ್ಯಾಧಿ ಮೊದಲಾದವುಗಳಿಂದ ಬಳಲುವ ಸ್ಥೂಲಕಾಯರಲ್ಲಿ ಅನೇಕರಿಗೆ ಇದರಿಂದ ಆ ರೋಗಗಳೂ ಇಳಿಮುಖವಾಗುತ್ತವೆ.

ಆಸ್ಪತ್ರೆಯಲ್ಲಿ ಜಠರವು ಬದಲಾಯಿತು. ಆದರೆ ಕಚೇರಿಯು ಬದಲಾಯಿತೇ? ಅದೇ ಗಡಿಯಾರ, ಅದೇ ಅರ್ಧ ಗಂಟೆಯ ಬಿಡುವು, ಅದೇ ಕ್ಯಾಂಟೀನು, ಡಬ್ಬಿಗಳನ್ನು ಹಂಚಿಕೊಂಡು ಉಣ್ಣುವ ಅದೇ ಗೆಳೆಯರು. 1948ರ ಕಾರ್ಖಾನೆಗಳ ಕಾಯಿದೆಯು, ಯಾವ ಕೆಲಸಗಾರನನ್ನೂ ಸತತವಾಗಿ 5 ಗಂಟೆಗಳಿಗಿಂತ ಹೆಚ್ಚು ಕಾಲ ದುಡಿಸದೆ, ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಡಬೇಕೆಂದು ವಿಧಿಸಿತ್ತು. ಸಾಧಾರಣ ಜಠರವುಳ್ಳವನಿಗೆ ಈ ಲೆಕ್ಕವು ಸಾಕು. ಆದರೆ ಬಟ್ಟಲಿನಷ್ಟು ಆಹಾರವನ್ನು ಉಣ್ಣುವುದಕ್ಕೇ ಅರ್ಧ ಗಂಟೆ ಹಿಡಿಯುವವನಿಗೆ, ಮತ್ತು ಒಮ್ಮೆ ಉಂಡುದರಿಂದ 5 ಗಂಟೆ ತಾಳಲಾರದವನಿಗೆ, ಈ ಗಡಿಯಾರವೇ ವೈರಿಯಾಗುತ್ತದೆ. ಮೇಜಿನ ಕೆಲಸದವರು ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ಕೆಲಸಕ್ಕೆ ಮರಳುತ್ತಾರೆ. ಗಟ್ಟಿ ಆಹಾರಕ್ಕೆ ಬರಬೇಕಾದರೆ 6ರಿಂದ 8 ವಾರಗಳಾದರೂ ಬೇಕು. ಆದಕಾರಣ ಮೊದಲ ದಿನಗಳಲ್ಲಿ ಅವರು ದ್ರವವನ್ನೋ, ಗಂಜಿಯಂತೆ ನುಣ್ಣಗೆ ಅರೆದ ಆಹಾರವನ್ನೋ ಕಚೇರಿಗೆ ಒಯ್ಯಬೇಕಾಗುವುದು ಸಹಜ.

ಇಲ್ಲಿ ಮೊದಲನೆಯ ಆಶ್ಚರ್ಯವೇನೆಂದರೆ, ಹಸಿವೆಯೇ ಮರೆಯಾಗುವುದು. ಜಪಾನಿನ ಕೊಜಿಮಾ ಮತ್ತು ಕಾಂಗಾವಾ ಎಂಬ ವಿಜ್ಞಾನಿಗಳು ಮತ್ತು ಅವರ ಸಂಗಡಿಗರು 1999ರಲ್ಲಿ ಗ್ರೆಲಿನ್ ಎಂಬ ರಸವನ್ನು ಕಂಡುಹಿಡಿದರು. ಹಸಿವೆಯನ್ನು ಕೆರಳಿಸುವ ಈ ರಸವು ಬಹುಮಟ್ಟಿಗೆ ಜಠರದ ಮೇಲಿನ ಉಬ್ಬುಭಾಗದಲ್ಲಿ ಹುಟ್ಟುತ್ತದೆ. ಸ್ಲೀವ್ ಚಿಕಿತ್ಸೆಯಲ್ಲಿ ಆ ಭಾಗವೇ ಹೊರಟುಹೋಗುವುದರಿಂದ, ಮೊದಲ ತಿಂಗಳುಗಳಲ್ಲಿ ಹಸಿವೆಯೆಂಬ ಗಂಟೆಯು ಬಾರಿಸುವುದೇ ಇಲ್ಲ. ಮನೆಯಲ್ಲಿ ತಾಯಿಯೋ ಹೆಂಡತಿಯೋ ಕರೆದು ಉಣ್ಣಿಸುತ್ತಾರೆ. ಕಚೇರಿಯಲ್ಲಿ ಕರೆಯುವವರಾರು? ಕಡತದಲ್ಲಿ ಮುಳುಗಿದವನು ಮಧ್ಯಾಹ್ನ ಮೂರಕ್ಕೆ ತಲೆ ತಿರುಗಿದಾಗಲೇ ತಾನು ಉಣ್ಣಲಿಲ್ಲವೆಂದು ಅರಿಯುತ್ತಾನೆ. ಆದುದರಿಂದ ಇಂಥವರು ಹಸಿವೆಯನ್ನು ನಂಬದೆ ಗಡಿಯಾರವನ್ನು ನಂಬತಕ್ಕದ್ದು. ದಿನಕ್ಕೆ ಐದಾರು ಸಣ್ಣ ಊಟಗಳ ವೇಳೆಯನ್ನು ಗೊತ್ತುಮಾಡಿಕೊಂಡು, ಕಿಸೆಯ ಫೋನಿನಲ್ಲಿ ಗಂಟೆ ಬಾರಿಸುವಂತೆ ಇಟ್ಟುಕೊಳ್ಳುವುದು ಸುಲಭವಾದ ಉಪಾಯ. ಹಾಗೆಂದು ಮೇಜಿನ ಡ್ರಾಯರಿನಲ್ಲಿ ಬಿಸ್ಕತ್ತಿಟ್ಟುಕೊಂಡು ದಿನವೆಲ್ಲ ಮೆಲ್ಲುವುದು ಬೇರೆ, ಗೊತ್ತಾದ ವೇಳೆಯಲ್ಲಿ ಸಣ್ಣ ಊಟವನ್ನು ಮಾಡುವುದು ಬೇರೆ. ಮೊದಲನೆಯದು ಕಳೆದುಹೋದ ತೂಕವನ್ನು ಮೆಲ್ಲಮೆಲ್ಲನೆ ಮರಳಿ ತರುವ ದಾರಿ.

ಎರಡನೆಯದು ಅಗಿಯುವ ವಿಚಾರ. ಚಿಕ್ಕ ಚಮಚದಿಂದ ಸಣ್ಣ ತುತ್ತನ್ನು ತೆಗೆದುಕೊಂಡು, ಅದು ಬಾಯಲ್ಲೇ ನುಣ್ಣಗಾಗುವವರೆಗೆ ಅಗಿದು, ನುಂಗಿದ ಮೇಲೆ ಚಮಚವನ್ನು ಕೆಳಗಿಟ್ಟು ತುಸು ತಡೆದು ಮುಂದಿನ ತುತ್ತಿಗೆ ಕೈಹಾಕಬೇಕು. ಬಾಸು ಕರೆದರೆಂದು ಎರಡು ತುತ್ತುಗಳನ್ನು ಒಟ್ಟಿಗೆ ನುಂಗಿದರೆ, ಆಹಾರವು ಎದೆಯ ಕೆಳಗೆ ಸಿಕ್ಕಿಕೊಂಡು ಒತ್ತಿದಂತಾಗುತ್ತದೆ, ಬಾಯಲ್ಲಿ ನೊರೆನೊರೆಯಾದ ಜೊಲ್ಲು ತುಂಬುತ್ತದೆ, ಕೊನೆಗೆ ವಾಂತಿಯಾಗುತ್ತದೆ. ಮೆತ್ತಗಿನ ಬ್ರೆಡ್ಡು, ಒಣ ಚಪಾತಿ, ಉದುರಾದ ಅನ್ನ, ನಾರಿರುವ ತರಕಾರಿ, ಒಣಗಿದ ಮಾಂಸ ಇವು ಹೀಗೆ ಸಿಕ್ಕಿಕೊಳ್ಳುವುದರಲ್ಲಿ ಮುಂದು. ಹಾಗಾದಾಗ ನೀರು ಕುಡಿದು ಕೆಳಕ್ಕೆ ತಳ್ಳಲು ಯತ್ನಿಸಬಾರದು. ಊಟವನ್ನು ಅಲ್ಲಿಗೇ ನಿಲ್ಲಿಸಿ, ಎದ್ದು ಮೆಲ್ಲನೆ ಅಡ್ಡಾಡಿದರೆ ಬಹುಸಲ ತಾನಾಗಿಯೇ ಇಳಿಯುತ್ತದೆ. ಹೊಸ ಪದಾರ್ಥವನ್ನು ಮೊದಲು ರಜೆಯ ದಿನ ಮನೆಯಲ್ಲಿ ತಿಂದು ಪರೀಕ್ಷಿಸಿ, ಹೊಂದಿದರೆ ಮಾತ್ರ ಕಚೇರಿಗೆ ಒಯ್ಯುವುದು ವಿವೇಕ.

ನೀರಿನ ವಿಷಯವೂ ಲಘುವಾದುದಲ್ಲ. ಊಟದ ನಡುವೆ ನೀರು ಕುಡಿಯುವುದು ನಮ್ಮವರ ಅಭ್ಯಾಸ. ಕಿರಿದಾದ ಜಠರದಲ್ಲಿ ಅನ್ನಕ್ಕೂ ನೀರಿಗೂ ಒಟ್ಟಿಗೆ ಎಡೆಯಿಲ್ಲ. ಊಟವಾಗಿ ಅರ್ಧ ಗಂಟೆ ಕಳೆದ ಮೇಲೆ ಗುಟುಕು ಗುಟುಕಾಗಿ ಕುಡಿಯತಕ್ಕದ್ದು. ಒಂದೇ ಸಲಕ್ಕೆ ಲೋಟ ಬರಿದುಮಾಡಲಾಗದು. ಆದರೂ ದಿನಕ್ಕೆ ಒಂದೂವರೆ ಲೀಟರಾದರೂ ಒಳಗೆ ಹೋಗಬೇಕು. ಸೀಸೆಯನ್ನು ಕಣ್ಣೆದುರಿಗೆ ಇಟ್ಟುಕೊಂಡು, ಸಭೆಗೆ ಹೋದರೂ ಜೊತೆಗೊಯ್ದು, ಬೆಳಗಿನಿಂದ ಸಂಜೆಯವರೆಗೆ ಗುಟುಕರಿಸುತ್ತಿದ್ದರೆ ಮಾತ್ರ ಈ ಲೆಕ್ಕ ತುಂಬೀತು. ಸಕ್ಕರೆ ಹಾಕದ ತಿಳಿಮಜ್ಜಿಗೆಯೂ ಈ ಲೆಕ್ಕಕ್ಕೆ ಸೇರುತ್ತದೆ.

ಇನ್ನು ಕಚೇರಿಗಳಲ್ಲಿ ಹಂಚುವ ಸಿಹಿಯ ಮಾತು. ಒಬ್ಬರಿಗೆ ಬಡ್ತಿ, ಒಬ್ಬರಿಗೆ ಮೊಮ್ಮಗು, ಒಬ್ಬರ ಹುಟ್ಟುಹಬ್ಬ. ಧಾರವಾಡದ ಪೇಡೆಯೋ ಮೈಸೂರುಪಾಕೋ ಮೇಜಿಗೆ ಬಾರದ ವಾರವಿಲ್ಲ. ಬೈಪಾಸ್ ಆದವರಲ್ಲಿ ಹೆಚ್ಚಾಗಿಯೂ, ಸ್ಲೀವ್ ಆದವರಲ್ಲಿ ಕೆಲವರಿಗೂ, ಸಿಹಿಯು ಹೊಟ್ಟೆಯಲ್ಲಿ ನಿಲ್ಲದೆ ಒಮ್ಮೆಲೆ ಕರುಳಿಗೆ ನುಗ್ಗುತ್ತದೆ. ವೈದ್ಯರು ಇದನ್ನು ಡಂಪಿಂಗ್ ಎನ್ನುತ್ತಾರೆ. ತಿಂದ 10ರಿಂದ 30 ನಿಮಿಷಗಳೊಳಗೆ ಎದೆಬಡಿತ, ಬೆವರು, ಹೊಟ್ಟೆನುಲಿತ, ಭೇದಿ, ತಲೆಸುತ್ತು ಕಾಣಿಸಿಕೊಳ್ಳುತ್ತವೆ. ಕೆಲವರಿಗೆ 1ರಿಂದ 3 ಗಂಟೆಗಳ ತರುವಾಯ ರಕ್ತದಲ್ಲಿನ ಸಕ್ಕರೆಯು ಇಳಿದು ನಡುಕವೂ ನಿಶ್ಶಕ್ತಿಯೂ ಬರುತ್ತವೆ. ಮೇಜಿನ ಮುಂದೆ ಕುಳಿತವನಿಗೆ ಇದು ಸಂಕಟ. ಬಸ್ಸು ನಡೆಸುವವನಿಗೂ ಯಂತ್ರದ ಮುಂದೆ ನಿಂತವನಿಗೂ ಇದು ಪ್ರಾಣಾಪಾಯ. ಒಂದು ಪೇಡೆಯ ದಾಕ್ಷಿಣ್ಯಕ್ಕೆ ಇಷ್ಟು ಬೆಲೆಯನ್ನು ತೆರಬೇಕೆ? ಪ್ರಸಾದವಾದರೆ ಕಣ್ಣಿಗೊತ್ತಿಕೊಂಡು, ಉಡುಗೊರೆಯಾದರೆ ಸಂತೋಷದಿಂದ ಸ್ವೀಕರಿಸಿ, ಮನೆಯ ಮಕ್ಕಳಿಗೆಂದು ಡಬ್ಬಿಯಲ್ಲಿಟ್ಟುಕೊಂಡರೆ ಕೊಟ್ಟವರ ಮನಸ್ಸೂ ನೋಯದು.

ಡಬ್ಬಿಯನ್ನು ತುಂಬುವ ಗೃಹಿಣಿಯರೂ ಗೃಹಸ್ಥರೂ ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಜಾಗವು ಕಡಿಮೆಯಾದಷ್ಟೂ ಸಾರವು ಹೆಚ್ಚಬೇಕು. ಈ ಚಿಕಿತ್ಸೆಯಾದವರಿಗೆ ದಿನಕ್ಕೆ 60 ಗ್ರಾಮಿಗೆ ಕಡಿಮೆಯಿಲ್ಲದಂತೆ ಪ್ರೋಟೀನು ಬೇಕೆಂಬುದು ವೈದ್ಯರ ಸಾಮಾನ್ಯ ವಿಧಿ. ಅದು ಸಾಲದಿದ್ದರೆ ಕೊಬ್ಬಿನೊಡನೆ ಸ್ನಾಯುವೂ ಕರಗಿ, ನಿಶ್ಶಕ್ತಿಯು ಮೂಡುತ್ತದೆ. ಒಂದು ಕೋಳಿಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ ಮಾತ್ರ ಎಂದರೆ, 60 ಗ್ರಾಂ ಕೂಡಿಸುವ ಕಷ್ಟವು ತಿಳಿದೀತು. ಆದಕಾರಣ ಡಬ್ಬಿಯಲ್ಲಿ ಅನ್ನಕ್ಕೆ ಎರಡನೆಯ ಸ್ಥಾನ. ಗಟ್ಟಿಯಾದ ಹೆಸರುಬೇಳೆಯ ತೊವ್ವೆ, ನೀರು ಬಸಿದ ಗಟ್ಟಿಮೊಸರು, ಮೆತ್ತಗಿನ ಪನೀರು, ಚೆನ್ನಾಗಿ ಬೆಂದ ಕಾಳಿನ ಉಸಲಿ, ತಿನ್ನುವವರಿಗೆ ಮೊಟ್ಟೆ ಅಥವಾ ಮುಳ್ಳು ತೆಗೆದ ಮೀನು ಇವುಗಳಿಗೆ ಮೊದಲನೆಯ ಸ್ಥಾನ. ಮೊದಲು ಇವನ್ನು ಉಂಡು, ಎಡೆ ಉಳಿದರೆ ತರಕಾರಿ, ಕೊನೆಗೆ ಎರಡು ತುತ್ತು ಮೆದುವಾದ ಅನ್ನ. ಹಿಂದಿನ ನಾಲ್ಕು ಅಂತಸ್ತಿನ ಡಬ್ಬಿಯನ್ನು ಅಟ್ಟಕ್ಕೇರಿಸಿ, ಮಕ್ಕಳ ಸಣ್ಣ ಡಬ್ಬಿಗಳೆರಡನ್ನು ಕಳುಹಿಸಿದರೆ, ಅರ್ಧ ಉಳಿಸಿ ತಂದೆನೆಂಬ ಕೊರಗು ಉಣ್ಣುವವರಿಗಿಲ್ಲ, ಚೆಲ್ಲಬೇಕಾಯಿತೆಂಬ ಕೊರಗು ಬಡಿಸುವವರಿಗಿಲ್ಲ.

ಮಾತ್ರೆಗಳನ್ನು ಕುರಿತು ಎರಡು ಮಾತು. ಕಬ್ಬಿಣ, ಕ್ಯಾಲ್ಸಿಯಂ, ಬಿ12 ಮೊದಲಾದ ಜೀವಸತ್ವಗಳನ್ನು ವೈದ್ಯರು ಹೇಳಿದಂತೆ ಜೀವನಪರ್ಯಂತ ಸೇವಿಸಬೇಕಾಗುತ್ತದೆ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಡುವೆ 2 ಗಂಟೆಯ ಅಂತರವಿರಬೇಕು. ಕಚೇರಿಯ ಹನ್ನೊಂದರ ಕಾಫಿಯೊಡನೆ ಕಬ್ಬಿಣವನ್ನು ನುಂಗಿದರೆ ಅದು ಮೈಗೆ ಸರಿಯಾಗಿ ಹತ್ತದು. ತಲೆನೋವೆಂದಾಗ ಪಕ್ಕದ ಮೇಜಿನವರು ಪ್ರೀತಿಯಿಂದ ನೀಡುವ ನೋವಿನ ಮಾತ್ರೆಯನ್ನೂ ವಿಚಾರಿಸದೆ ಬಾಯಿಗೆ ಹಾಕಬಾರದು. ಇಬುಪ್ರೊಫೇನ್, ಡೈಕ್ಲೊಫೆನಾಕ್ ಜಾತಿಯವು, ವಿಶೇಷವಾಗಿ ಬೈಪಾಸ್ ಆದವರಿಗೆ, ಹುಣ್ಣನ್ನುಂಟುಮಾಡಬಲ್ಲವು.

ಇಲ್ಲಿಯವರೆಗೆ ಊಟದ ವಿದ್ಯೆಯಾಯಿತು. ಇನ್ನು ಮಾತಿನ ವಿದ್ಯೆ. ಉಪಚಾರ ಮಾಡಿ ಉಣ್ಣಿಸುವುದು ನಮ್ಮ ನಾಡಿನ ಗುಣ. “ಇನ್ನೊಂದು ತುತ್ತು” ಎನ್ನದೆ ಬಡಿಸುವ ಕೈ ಹಿಂದೆ ಸರಿಯದು. ಇಂತಹ ನಾಡಿನಲ್ಲಿ ನಾಲ್ಕು ಚಮಚ ಉಂಡು ಡಬ್ಬಿ ಮುಚ್ಚಿದವನನ್ನು ಜನ ಸುಮ್ಮನೆ ಬಿಡುವರೇ? “ಏನು ರಾಯರೇ, ಇಂದು ಏಕಾದಶಿಯೇ?” ಎಂದು ಒಬ್ಬರು, “ಅಕ್ಕಾ, ಹೀಗೆ ಉಂಡರೆ ಹಾರಿಹೋಗುತ್ತೀರಿ” ಎಂದು ಮತ್ತೊಬ್ಬರು. ಆಡುವವರಿಗೆ ವಿನೋದ, ಕೇಳುವವರಿಗೆ ಮುಳ್ಳು. ಈ ಮುಳ್ಳಿಗೆ ಅಂಜಿ ಕೆಲವರು ಗೆಳೆಯರೊಡನೆ ಸರಿಸಮನಾಗಿ ಉಣ್ಣಲು ಹೋಗಿ ವಾಂತಿಗೆ ಗುರಿಯಾಗುತ್ತಾರೆ. ಮತ್ತೆ ಕೆಲವರು ಊಟವನ್ನೇ ಬಿಟ್ಟು ಸಂಜೆಗೆ ಬಸವಳಿದು ಮನೆ ಸೇರುತ್ತಾರೆ. ನಾಚಿಕೆಯು ಊಟವನ್ನು ಕೆಡಿಸಿತು. ಕೆಟ್ಟ ಊಟವು ಮೈಯನ್ನು ಕೆಡಿಸಿತು.

ಇದಕ್ಕೆ ಮದ್ದು ಒಂದೇ ಮಾತು. ಎಲ್ಲರಿಗೂ ಎಲ್ಲವನ್ನೂ ಹೇಳಬೇಕಾಗಿಲ್ಲ. ತನ್ನ ಮೈಯ ವಿಷಯವು ತನ್ನದು. ಆದರೆ ಮೇಲಧಿಕಾರಿಗಳಲ್ಲಿ ಒಬ್ಬರಿಗೂ, ನೆಚ್ಚಿನ ಸಹೋದ್ಯೋಗಿಗಳಲ್ಲಿ ಒಬ್ಬರಿಗೂ ತಿಳಿಸಿಡುವುದು ಕ್ಷೇಮ. ಮಧ್ಯಾಹ್ನದ ಒಂದು ದೊಡ್ಡ ಬಿಡುವಿನ ಬದಲು ಸಣ್ಣ ಬಿಡುವುಗಳು ದೊರೆಯುವುದಕ್ಕೂ, ತಲೆತಿರುಗಿ ಕುಳಿತಾಗ ಏನಾಯಿತೆಂದು ಅರಿಯುವವರು ಹತ್ತಿರವಿರುವುದಕ್ಕೂ ಇದರಿಂದ ಅನುಕೂಲ. ಉಳಿದವರಿಗೆ, “ಹೊಟ್ಟೆಯ ಆಪರೇಷನ್ ಆಗಿದೆ, ಸ್ವಲ್ಪ ಸ್ವಲ್ಪವಾಗಿ ಉಣ್ಣಬೇಕೆಂದು ಡಾಕ್ಟರ ಅಪ್ಪಣೆ” ಎಂದರೆ ಸಾಕು. ಇದರಲ್ಲಿ ಸುಳ್ಳಿಲ್ಲ, ವಾದಕ್ಕೆ ಎಡೆಯೂ ಇಲ್ಲ. ಡಾಕ್ಟರ ಹೆಸರನ್ನು ಕೇಳಿದ ಮೇಲೆ ಬಲವಂತಪಡಿಸುವವರು ವಿರಳ.

ಸಹೋದ್ಯೋಗಿಗಳಿಗೂ ನಮ್ಮದೊಂದು ಬಿನ್ನಹವುಂಟು. ಪಕ್ಕದವರ ಡಬ್ಬಿಯನ್ನು ಅಳೆಯುವುದು, ಮೈ ಇಳಿದುದನ್ನು ದಿನವೂ ಎತ್ತಿ ಆಡುವುದು, “ಉಪವಾಸ ಮಾಡಿದ್ದರೆ ಸಾಲದಾಗಿತ್ತೆ? ಸುಲಭದ ದಾರಿ ಹಿಡಿದಿರಿ” ಎನ್ನುವುದು ಇವು ಸಜ್ಜನರಿಗೆ ಒಪ್ಪುವ ನಡತೆಯಲ್ಲ. ಪ್ರತಿಯೊಂದು ತುತ್ತನ್ನೂ ಎಣಿಸಿ ನುಂಗುವ ಬಾಳು ಸುಲಭದ್ದೆಂದು ಯಾರು ಹೇಳಬಲ್ಲರು? ಕಡಿಮೆ ಉಂಡರೂ ಪಂಕ್ತಿಯಲ್ಲಿ ಅವರಿಗೆ ಸ್ಥಳವಿರಲಿ. ಊಟಕ್ಕೆ ಕರೆಯುವುದು ಪ್ರೀತಿ; ಉಂಡಷ್ಟಕ್ಕೆ ತೃಪ್ತರಾಗುವುದು ಅದಕ್ಕಿಂತ ದೊಡ್ಡ ಪ್ರೀತಿ.

ಕೊನೆಯದಾಗಿ ಒಂದು ಎಚ್ಚರಿಕೆ. ಆಗೊಮ್ಮೆ ಈಗೊಮ್ಮೆ ತುತ್ತು ಸಿಕ್ಕಿಕೊಳ್ಳುವುದು ಅಭ್ಯಾಸದಿಂದ ಸರಿಹೋಗುತ್ತದೆ. ಆದರೆ ವಾಂತಿಯು ದಿನದಿನವೂ ಮುಂದುವರಿದರೆ, ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಕೆಲಸದ ನೆಪವೊಡ್ಡಿ ತಡಮಾಡದೆ ಚಿಕಿತ್ಸೆ ಮಾಡಿದ ವೈದ್ಯರನ್ನು ಕಾಣತಕ್ಕದ್ದು. ಎಡೆಬಿಡದ ವಾಂತಿಯಿಂದ ಥಯಾಮಿನ್ ಎಂಬ ಜೀವಸತ್ವವು ಬರಿದಾಗಿ, ಒಂದು ವಸ್ತುವು ಎರಡಾಗಿ ಕಾಣುವುದು, ನಡಿಗೆ ತಪ್ಪುವುದು, ಬುದ್ಧಿಗೆ ಮಂಕು ಕವಿಯುವುದು ಮುಂತಾದ ಅನರ್ಥಗಳಾಗಬಹುದು. ತೀವ್ರವಾದ ಹೊಟ್ಟೆನೋವು, ಜ್ವರ, ಓಡುವ ನಾಡಿ ಇವು ಕಂಡರಂತೂ ಒಂದು ಗಳಿಗೆಯೂ ಕಾಯಬಾರದು.

ಶಸ್ತ್ರವೈದ್ಯನು ಜಠರವನ್ನು ಕಿರಿದುಮಾಡಬಲ್ಲನು. ಅದರೊಡನೆ ಬಾಳುವುದನ್ನು ಕಲಿಸಬೇಕಾದವರು ಮನೆಯವರೂ ಕಚೇರಿಯವರೂ. ಉಣ್ಣುವವನು ಗಡಿಯಾರವನ್ನು ನೋಡಿ ನಿಧಾನವಾಗಿ ಉಣ್ಣಲಿ, ಸಂಕೋಚಪಡದೆ ಒಂದು ಮಾತು ಹೇಳಲಿ. ನೋಡುವವರು ಡಬ್ಬಿಯಿಂದ ಕಣ್ಣು ತೆಗೆದು ಮುಖವನ್ನು ನೋಡಿ ಮಾತನಾಡಲಿ. ಆಗ ಊಟ ಬಲ್ಲವನಿಗೆ ರೋಗವೂ ಇಲ್ಲ, ಮಾತು ಬಲ್ಲವರ ನಡುವೆ ನೋವೂ ಇಲ್ಲ.