ಟೈಟಾನಿಕ್ ಅಲ್ಲ, ಇದು ನಮ್ಮ 'ದ್ವಾರಕಾ'!

ನಿಜ್ವಾದ ನಮ್ಮ ಮನೆಗೆ ಬಂದವರೆಲ್ಲ ಹಾಲಿನಲ್ಲಿರುವ ಹಡಗನ್ನು ನೋಡಿದ ಕೂಡಲೇ ಕೇಳುವ ಪ್ರಶ್ನೆ ಒಂದೇ. "ಓ, ಟೈಟಾನಿಕ್ಕಾ?"

ಅಲ್ಲ ಸ್ವಾಮಿ! ಟೈಟಾನಿಕ್ಕಿಗೆ ನಾಲ್ಕು ಚಿಮಣಿ, ಇದಕ್ಕೆ ಒಂದೇ. ಅದು ಮೊದಲ ಪ್ರಯಾಣದಲ್ಲೇ ಮುಳುಗಿತು, ಇದು 35 ವರ್ಷ ಓಡಾಡಿತು. ಅದರ ಕಥೆಯನ್ನು ನಾವು ಸಿನಿಮಾದಲ್ಲಿ ನೋಡಿದ್ದು, ಇದರ ಕಥೆಯನ್ನು ನಮ್ಮ ಅಪ್ಪಂದಿರ ಬಾಯಲ್ಲಿ ಕೇಳಿದ್ದು. ಇದು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ 'ದ್ವಾರಕಾ'. 1947ರಲ್ಲಿ ಇಂಗ್ಲೆಂಡಿನ ಟೈನ್ ನದಿ ತೀರದಲ್ಲಿ ಸ್ವಾನ್ ಹಂಟರ್‌ನವರು ಕಟ್ಟಿದ್ದು. ಬೊಂಬಾಯಿಯಿಂದ ಕರಾಚಿ, ಮಸ್ಕತ್, ದುಬೈ, ಬಹರೇನ್, ಕುವೈತ್ ಎಂದು ಬಸ್ಸಿನ ಹಾಗೆ ನಿಲ್ಲಿಸುತ್ತ ನಿಲ್ಲಿಸುತ್ತ ಹೋಗುತ್ತಿದ್ದ ಹಡಗು. ಕೊಲ್ಲಿಯಲ್ಲಿರುವ ಕರಾವಳಿಯ ಎಷ್ಟೋ ಮನೆಗಳ ಅನ್ನದ ದಾರಿ ಶುರುವಾದದ್ದು ಇಂಥ ಹಡಗುಗಳಲ್ಲಿ.

ಸಮುದ್ರವೇ ಕಾಣದ ನಿಜ್ವಾದಲ್ಲಿ, ಜಬಲ್ ಅಖ್ದರ್ ಬೆಟ್ಟದ ಬುಡದಲ್ಲಿ ಕುಳಿತು ಹಡಗು ಕಟ್ಟುವ ಹುಚ್ಚು ನನಗೆ ಹಿಡಿದದ್ದು ಹೇಗೆ ಅಂತೀರಾ? ಕೇಳಿ.

ಶುರುವಾದದ್ದು ಮಗನ ಹಟದಿಂದ

ಎರಡು ವರ್ಷದ ಹಿಂದೆ ಚಳಿಗಾಲದ ರಜೆಯಲ್ಲಿ ನನ್ನ ಮಗ ಟೈಟಾನಿಕ್ ಕಿಟ್ ಬೇಕೆಂದು ಹಟ ಹಿಡಿದ. ಆಗ ಕುಂದಾಪುರದಿಂದ ಅಪ್ಪ ಅಮ್ಮ ಮೂರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದರು. ಕಿಟ್‌ನ ಬೆಲೆ ಕೇಳಿ ಅಪ್ಪ ಹುಬ್ಬೇರಿಸಿದರು. "ಅಷ್ಟ್ ದುಡ್ಡ್ ಕೊಟ್ಟ್ ಮುಳುಗಿದ ಹಡಗು ಯಾಕೆ ಮಾರಾಯ? ನಾನು ಬಂದ ಹಡಗು ಮಾಡುವ."

ಅಪ್ಪ ಬಡಗಿ. 1972ರಲ್ಲಿ, 22ನೇ ವಯಸ್ಸಿನಲ್ಲಿ, ಒಂದು ತಗಡಿನ ಟ್ರಂಕು, ಚಾಪೆ, ಒಂದು ಡಬ್ಬ ಅವಲಕ್ಕಿ ಹಿಡಿದು ಬೊಂಬಾಯಿಯಲ್ಲಿ ದ್ವಾರಕಾ ಹತ್ತಿದವರು. ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದು ಎರಡು ವರ್ಷವಾಗಿತ್ತು. ಒಮಾನಿನಲ್ಲಿ ಶಾಲೆ, ಆಸ್ಪತ್ರೆ, ರಸ್ತೆ ಎಲ್ಲವೂ ಒಟ್ಟಿಗೇ ಏಳುತ್ತಿದ್ದ ಕಾಲ, ಬಡಗಿಗೆ ಕೈತುಂಬ ಕೆಲಸ. ಮಸ್ಕತ್ತಿನಲ್ಲಿ ಹಡಗು ದೂರದಲ್ಲೇ ಲಂಗರು ಹಾಕಿ ದೋಣಿಯಲ್ಲಿ ದಡಕ್ಕೆ ಇಳಿಸಿದರಂತೆ. ಹನ್ನೆರಡು ವರ್ಷ ದುಡಿದು 1984ರಲ್ಲಿ ಅಪ್ಪ ಊರಿಗೆ ಮರಳಿದ್ದು ವಿಮಾನದಲ್ಲಿ. ಅಷ್ಟರಲ್ಲಿ ದ್ವಾರಕಾ ಇರಲೇ ಇಲ್ಲ. 1982ರಲ್ಲಿ ಕರಾಚಿ ಹತ್ತಿರದ ಗಡಾನಿ ಕಡಲತೀರದಲ್ಲಿ ಅದನ್ನು ಒಡೆದು ಗುಜರಿಗೆ ಹಾಕಿದ್ದರು.

ಮಸ್ಕತ್ತಿನಲ್ಲಿರುವವರು ಅಲ್ ಬುಸ್ತಾನ್ ವೃತ್ತದಲ್ಲಿ ನಿಂತಿರುವ 'ಸೊಹಾರ್' ಹಡಗನ್ನು ನೋಡಿಯೇ ಇರುತ್ತೀರಿ. ಒಂದೂ ಮೊಳೆ ಇಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದ ಹಡಗು ಅದು. ಅದರ ಹಲಗೆ ಬಂದದ್ದು ನಮ್ಮ ಪಶ್ಚಿಮ ಕರಾವಳಿಯ ಹೆಬ್ಬಲಸಿನ ಮರದಿಂದ. 1980ರಲ್ಲಿ ಟಿಮ್ ಸೆವೆರಿನ್ ಅದರಲ್ಲಿ ಮಸ್ಕತ್ತಿನಿಂದ ಹೊರಟು ಮರುವರ್ಷ ಚೀನಾ ಮುಟ್ಟಿದರು. ಹಾಯಿ ಹಡಗಿಗೆ ಅಂಥ ಗೌರವ ಸಿಕ್ಕಿದೆ, ಸಂತೋಷವೇ. ಆದರೆ ನಮ್ಮವರನ್ನು ಹೊತ್ತು ತಂದ ಈ ಕಪ್ಪು ಹಡಗನ್ನು ಮೊಮ್ಮಕ್ಕಳಿಗೆ ತೋರಿಸಲು ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಸರಿ, ಕಟ್ಟೋಣ ಎಂದು ತೀರ್ಮಾನವಾಯಿತು.

ಒಂದು ಅಡಿಗೆ ನೂರು ಅಡಿ

ದ್ವಾರಕಾದ ಉದ್ದ ಸುಮಾರು 400 ಅಡಿ, ಅಗಲ ಸುಮಾರು 55 ಅಡಿ. ನೂರಕ್ಕೊಂದು ಅಳತೆ ಇಟ್ಟುಕೊಂಡರೆ ಮಾದರಿಯ ಉದ್ದ ನಾಲ್ಕು ಅಡಿ, ಅಗಲ ಆರೂವರೆ ಇಂಚಿನಷ್ಟು. ಟಿವಿ ಸ್ಟ್ಯಾಂಡಿನ ಮೇಲೆ ಕೂರುತ್ತದೆ, ಹೆಂಡತಿಯ ಒಪ್ಪಿಗೆಯೂ ಸಿಗುತ್ತದೆ! ಉಳಿದ ಅಳತೆಗಳನ್ನು ಫೋಟೋದಿಂದಲೇ ತೆಗೆದೆವು. ಹಡಗನ್ನು ನೇರ ಪಕ್ಕದಿಂದ ತೆಗೆದ ಹಳೆಯ ಚಿತ್ರವೊಂದನ್ನು, ಹಡಗಿನ ಉದ್ದ ಸರಿಯಾಗಿ 40 ಸೆಂಟಿಮೀಟರ್ ಬರುವ ಹಾಗೆ ಪ್ರಿಂಟ್ ಮಾಡಿಸಿದೆ. ಆಗ ಚಿತ್ರದ ಒಂದು ಸೆಂಟಿಮೀಟರ್ ಅಂದರೆ ಹತ್ತು ಅಡಿ. ಚಿಮಣಿ, ಕಂಬ, ಕಿಟಕಿ ಎಲ್ಲವನ್ನೂ ಸ್ಕೇಲ್ ಹಿಡಿದು ಅಳೆದು ಮಗ ಒಂದು ನೋಟ್‌ಬುಕ್ಕಿನಲ್ಲಿ ಬರೆದ. ಲೆಕ್ಕದ ಮೇಷ್ಟ್ರು ಕಲಿಸಲಾಗದ ಅನುಪಾತವನ್ನು ಹಡಗು ಕಲಿಸಿತು.

ಒಡಲಿಗೆ ಪ್ಲೈವುಡ್ಡಿನ ಅಡ್ಡ ಪಟ್ಟಿಗಳನ್ನು ಪಕ್ಕೆಲುಬಿನ ಹಾಗೆ ನಿಲ್ಲಿಸಿ, ಮೇಲೆ ತೆಳು ಮರದ ಪಟ್ಟಿ ಅಂಟಿಸಿ, ಸಂದುಗಳಿಗೆ ಪುಟ್ಟಿ ತುಂಬಿ ಉಜ್ಜಿದೆವು. ಮುಂಭಾಗದ ಬಾಗು ಬರಲು ಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ ಬಗ್ಗಿಸಬೇಕು. ಆ ಕೆಲಸವೆಲ್ಲ ಅಪ್ಪನದು. ನಡುಗುವ ಕೈ ಉಳಿ ಹಿಡಿದ ಕೂಡಲೇ ನೆಟ್ಟಗಾಗುತ್ತಿತ್ತು. ಕಟಕಟೆಗೆ ಹಳೆ ಟೆಲಿಫೋನ್ ಕೇಬಲ್ಲಿನ ತಾಮ್ರದ ಎಳೆ, ಹಗ್ಗಗಳಿಗೆ ಮೇಣ ಸವರಿದ ಹೊಲಿಗೆ ದಾರ. ಒಡಲಿಗೆ ಕಪ್ಪು ಬಣ್ಣ, ಅದರ ಮೇಲೊಂದು ತೆಳು ಬಿಳಿ ಗೆರೆ. ಚಿಮಣಿಯೂ ಕಪ್ಪು, ಅದಕ್ಕೆ ಎರಡು ಬಿಳಿ ಪಟ್ಟಿ. ಆ ಕಂಪನಿಯ ಗುರುತೇ ಅದು. ಎರಡು ಪಟ್ಟಿ ಎಳೆದ ದಿನ ಅಪ್ಪ "ಈಗ ಬಂತು ಕಾಣ್" ಅಂದರು.

ಒಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ. ಮೇಲಿನ ಅಂತಸ್ತುಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಮಾಡಿದ್ದೆ. ಅಪ್ಪ ಊರಿಗೆ ಹೋದ ಮೇಲೆ, ಜೂನ್ ತಿಂಗಳಲ್ಲಿ ಒಂದು ದಿನ, ಬಣ್ಣ ಹೊಡೆಯಲೆಂದು ಕಾಲೇಜಿನ ಲ್ಯಾಬಿಗೆ ಒಯ್ದು (ನಾನು ಅಲ್ಲಿ ಎಲೆಕ್ಟ್ರಿಕಲ್ ಲ್ಯಾಬ್ ನೋಡಿಕೊಳ್ಳುವವನು) ಮಧ್ಯಾಹ್ನ ಕಾರಿನಲ್ಲೇ ಮರೆತೆ. ನಿಜ್ವಾದ ಬೇಸಿಗೆ ನಿಮಗೆ ಗೊತ್ತಲ್ಲ! ಸಂಜೆ ಬಾಗಿಲು ತೆಗೆದರೆ ಎರಡು ತಿಂಗಳ ಕೆಲಸ ಬಾಣಲೆಗೆ ಬಿದ್ದ ಹಪ್ಪಳದಂತೆ ಸೊಟ್ಟಗಾಗಿತ್ತು. ಮತ್ತೆ ಮರದಲ್ಲೇ ಮಾಡಿದೆ. ಕೊಲ್ಲಿ ದೇಶದಲ್ಲಿ ಮಾದರಿ ಕಟ್ಟುವವರಿಗೆ ನನ್ನ ಮೊದಲ ಬುದ್ಧಿಮಾತು ಇದೇ.

ದೀಪದ ಲೆಕ್ಕ

ದೀಪ ಹಾಕುವುದನ್ನು ಕೊನೆಗೆ ಇಟ್ಟುಕೊಳ್ಳಬಾರದು. ಮೇಲ್ಛಾವಣಿ ಅಂಟಿಸಿದ ಮೇಲೆ ತಂತಿ ಎಳೆಯಲು ಬೆರಳು ಹೋಗುವುದಿಲ್ಲ. ಹಾಗಾಗಿ ಒಂದೊಂದು ಅಂತಸ್ತನ್ನೂ ತೆಗೆದಿಡಬಹುದಾದ ಪೆಟ್ಟಿಗೆಯಂತೆ ಮಾಡಿ, ಪ್ರತಿಯೊಂದಕ್ಕೂ ಬೇರೆ ಬೇರೆ ತಂತಿ ಕೊಟ್ಟೆ. ಹಳದಿ ಛಾಯೆಯ ಪುಟ್ಟ ಎಲ್‌ಇಡಿಗಳೇ ಒಳ್ಳೆಯದು. ನೀಲಿ ಬಿಳುಪಿನವು ಹಾಕಿದರೆ ಹಡಗು ಮೊಬೈಲ್ ಅಂಗಡಿಯಂತೆ ಕಾಣುತ್ತದೆ! ಒಂದೊಂದು ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು. 12 ವೋಲ್ಟಿನ ಅಡಾಪ್ಟರಿಗೆ ಮೂರು ಎಲ್‌ಇಡಿಗಳ ಒಂದು ಸರ, ಸರಕ್ಕೊಂದು 680 ಓಮ್ ರೆಸಿಸ್ಟರ್. ಆಗ ಹರಿಯುವುದು ನಾಲ್ಕೂವರೆ ಮಿಲಿ ಆಂಪಿಯರ್‌ನಷ್ಟು, ಕಾವೇ ಏಳುವುದಿಲ್ಲ.

ಒಡಲಿನ ದುಂಡು ಕಿಟಕಿಗಳಿಗೆ 3 ಮಿಲಿಮೀಟರ್ ತೂತು. ಒಣಗಿದ ಮೇಲೆ ಪಾರದರ್ಶಕವಾಗುವ ಬಿಳಿ ಅಂಟನ್ನು ಒಂದೊಂದು ಹನಿ ತುಂಬಿದರೆ ಅದೇ ಗಾಜು. ದೊಡ್ಡ ತಲೆನೋವೆಂದರೆ ಬೆಳಕು ಸೋರುವುದು. ಮೊದಲ ಸಲ ಸ್ವಿಚ್ ಹಾಕಿದಾಗ ಕಿಟಕಿಗಿಂತ ಸಂದುಗಳಲ್ಲೇ ಹೆಚ್ಚು ಬೆಳಕು! ಒಳಗೋಡೆಗೆ ಮೊದಲು ಎರಡು ಸಲ ಕಪ್ಪು, ಅದು ಒಣಗಿದ ಮೇಲೆ ಬಿಳಿ ಬಣ್ಣ ಬಳಿಯಬೇಕು. ಕಪ್ಪು ಬೆಳಕನ್ನು ತಡೆಯುತ್ತದೆ, ಬಿಳಿ ಒಳಗೆಲ್ಲ ಹರಡುತ್ತದೆ. ಸಂಚಾರ ದೀಪಗಳಿಗೆ ಮಾತ್ರ ಕಟ್ಟುನಿಟ್ಟಿನ ನಿಯಮ ಇದೆ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂಭಾಗದಲ್ಲಿ ಬಿಳಿ. ಕಂಬಗಳ ಮೇಲೆ ಎರಡು ಬಿಳಿ ದೀಪ, ಹಿಂದಿನದು ಮುಂದಿನದಕ್ಕಿಂತ ಎತ್ತರದಲ್ಲಿ. ಕತ್ತಲಲ್ಲಿ ಎದುರಿನ ಹಡಗು ಯಾವ ಕಡೆ ತಿರುಗುತ್ತಿದೆ ಎಂದು ಈ ದೀಪಗಳಿಂದಲೇ ತಿಳಿಯುವುದು.

ಕಳೆದ ಚಳಿಗಾಲದಲ್ಲಿ ಅಪ್ಪ ಅಮ್ಮ ಮತ್ತೆ ಬಂದರು. ಒಂದು ಶುಕ್ರವಾರ ಸಂಜೆ ಪರದೆ ಎಳೆದು, ಅಪ್ಪನನ್ನು ಎದುರಿಗೆ ಕೂರಿಸಿ ಸ್ವಿಚ್ ಹಾಕಿದೆ. ತಳದಿಂದ ತುದಿಯವರೆಗೆ ಜಗಮಗ! ಮಕ್ಕಳು ಚಪ್ಪಾಳೆ ತಟ್ಟಿದರು. ಅಪ್ಪ ಮಾತ್ರ ಸುಮ್ಮನೆ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಹೇಳಿದರು, "ಚಂದ ಉಂಟು. ಆದರೆ ನಾವಿದ್ದಲ್ಲಿ ಇಷ್ಟ್ ಬೆಳಕ್ ಇರ್ಲಿಲ್ಲ ಮಾರಾಯ."

ಅಪ್ಪ ಇದ್ದದ್ದು ಡೆಕ್ ಕ್ಲಾಸಿನಲ್ಲಿ. ಮೇಲಿನ ಕ್ಯಾಬಿನ್ನುಗಳಲ್ಲಿ ಇದ್ದವರು ಕೆಲವೇ ಹತ್ತು ಮಂದಿ, ಕೆಳಗೆ ಸಾವಿರಕ್ಕೂ ಹೆಚ್ಚು ಜನರಿಗೆ ಜಾಗ. ಚಾಪೆ ಹಾಸಿದಷ್ಟೇ ನಿಮ್ಮ ಸ್ಥಳ, ತಲೆಗೆ ಟ್ರಂಕೇ ದಿಂಬು. ಅಲ್ಲೊಂದು ಇಲ್ಲೊಂದು ತಂತಿ ಬಲೆಯೊಳಗೆ ಮಂಕು ಬಲ್ಬು. ಊರಿಗೆ ಕಾಗದ ಬರೆಯುವವರು ಆ ಬಲ್ಬಿನ ಕೆಳಗೆ ಸರದಿಯಲ್ಲಿ ಕೂರುತ್ತಿದ್ದರಂತೆ. ಓದು ಬಾರದವರಿಗೆ ಅಪ್ಪ ಎಷ್ಟೋ ಕಾಗದ ಬರೆದುಕೊಟ್ಟಿದ್ದರಂತೆ. ಇದನ್ನೆಲ್ಲ ನಾನು ಕೇಳಿದ್ದು ಅದೇ ಮೊದಲು. ಇಷ್ಟು ವರ್ಷ ಅಪ್ಪ ಹಡಗಿನ ಕಥೆ ಅಂದರೆ ಅಲೆ, ವಾಂತಿ, ಹಾರುವ ಮೀನು, ಇಷ್ಟನ್ನೇ ಹೇಳುತ್ತಿದ್ದರು.

ಮರುದಿನ ಕೆಳ ಅಂತಸ್ತನ್ನು ಬಿಚ್ಚಿದೆ. ಮುಕ್ಕಾಲು ಪಾಲು ದೀಪ ತೆಗೆದೆ. ಉಳಿದ ಸರಗಳಿಗೆ ಬೇರೆ ಬೇರೆ ರೆಸಿಸ್ಟರ್ ಹಾಕಿ ತೋರಿಸುತ್ತ ಹೋದೆ. "ಇಷ್ಟಾ ಅಪ್ಪಾ?" "ಜಾಸ್ತಿಯಾಯ್ತು." "ಈಗ?" "ಇನ್ನೂ ಸ್ವಲ್ಪ ಕಮ್ಮಿ ಮಾಡ್." ಕೊನೆಗೆ 4.7 ಕಿಲೋ ಓಮಿಗೆ ಬಂದಾಗ, ಮೇಲಿನದಕ್ಕಿಂತ ಆರೇಳು ಪಟ್ಟು ಮಂಕಾದಾಗ, ಅಪ್ಪ "ಹಾಂ, ಇದೇ" ಅಂದರು. ಆಕಾರವನ್ನು ಫೋಟೋ ಕೊಟ್ಟಿತು, ಬೆಳಕಿನ ಅಳತೆಯನ್ನು ಅಪ್ಪನೇ ಕೊಡಬೇಕಾಯಿತು. ಮಗ ಒಂದೂಮುಕ್ಕಾಲು ಸೆಂಟಿಮೀಟರ್ ಎತ್ತರದ ಒಂದು ಗೊಂಬೆ ಮಾಡಿ, ಒಂದು ದೀಪದ ಕೆಳಗೆ ಕಾಗದ ಬರೆಯುವ ಹಾಗೆ ಕೂರಿಸಿದ್ದಾನೆ. ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ.

ಇನ್ನೊಂದು ಹಡಗಿನ ನೆನಪು

ಮಸ್ಕತ್ತಿನಲ್ಲಿ ನಡೆದ ಕೂಟದ ಕಾರ್ಯಕ್ರಮವೊಂದರಲ್ಲಿ ಹಡಗನ್ನು ಇಟ್ಟಿದ್ದಾಗ ಭಟ್ಕಳದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ ಕೇಳಿದರು, "ದಾರಾ ಕೂಡ ಹೀಗೇ ಇತ್ತಲ್ಲ?" ಹೌದು. ದುಮ್ರಾ, ದ್ವಾರಕಾ, ದಾರಾ, ದರೇಸಾ ನಾಲ್ಕೂ ಒಂದೇ ಬಳಗದ ಹಡಗುಗಳು. 1948ರಲ್ಲಿ ಗ್ಲಾಸ್ಗೋದಲ್ಲಿ ಕಟ್ಟಿದ ದಾರಾ, 1961ರ ಏಪ್ರಿಲ್ 8ರ ಬೆಳಗಿನ ಜಾವ ದುಬೈ ಹತ್ತಿರದ ಸಮುದ್ರದಲ್ಲಿ ಸ್ಫೋಟಗೊಂಡು ಹೊತ್ತಿ ಉರಿಯಿತು. ಬಿರುಗಾಳಿ ಬಂತೆಂದು ರಾತ್ರಿಯೇ ಬಂದರು ಬಿಟ್ಟು ಹೊರಟಿತ್ತು. ನೆಂಟರನ್ನು ಬೀಳ್ಕೊಡಲು ಹತ್ತಿದವರೂ ಒಳಗೇ ಉಳಿದಿದ್ದರು. 819 ಜನರಲ್ಲಿ 238 ಮಂದಿ ಸತ್ತರು. ಎರಡು ದಿನದ ಮೇಲೆ, ಎಳೆದುಕೊಂಡು ಹೋಗುತ್ತಿದ್ದಾಗ, ಹಡಗು ಮುಳುಗಿತು. ಯಾರೋ ಬೇಕೆಂದೇ ಸ್ಫೋಟಕ ಇಟ್ಟಿದ್ದಾರೆ ಎಂದು ಬ್ರಿಟನ್ನಿನ ವಿಚಾರಣೆ ಹೇಳಿತು. ಯಾರೆಂದು ಸಾಬೀತಾಗಲಿಲ್ಲ. ಒಮಾನಿನ ಒಳನಾಡಿನ ಬಂಡುಕೋರರ ಮೇಲೆ ಸಂಶಯ ಬಿತ್ತು. ಆ ಸಂಘರ್ಷ 1959ರಲ್ಲಿ ಕೊನೆಗೊಂಡದ್ದು ಇದೇ ಜಬಲ್ ಅಖ್ದರ್ ಮೇಲೆ, ನಮ್ಮ ಬಾಲ್ಕನಿಯಿಂದ ದಿನವೂ ಕಾಣುವ ಬೆಟ್ಟದಲ್ಲಿ. ಇಲ್ಲಿ ಇಷ್ಟು ವರ್ಷ ಇದ್ದೂ ನನಗೆ ಇದು ತಿಳಿದಿರಲಿಲ್ಲ.

"ದಾರಾ ಹೋಗಿ ಹನ್ನೊಂದೇ ವರ್ಷಕ್ಕೆ ಅದರ ಅಕ್ಕನನ್ನು ಹತ್ತಿದಿರಲ್ಲ, ಹೆದರಿಕೆ ಆಗಲಿಲ್ವಾ?" ಎಂದು ಅಪ್ಪನನ್ನು ಕೇಳಿದೆ. "ನಂಗೆ ಗೊತ್ತಿರ್ಲಿಲ್ಲ. ನಿನ್ನ ಅಜ್ಜಿಗೆ ಯಾರೋ ಹೇಳಿದ್ರ್. ಅವಳು ನನ್ನ ಹತ್ರ ಹೇಳ್ಲಿಲ್ಲ, ಅಷ್ಟೆ." ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತು.

ಈಗ ಪ್ರತಿ ಶುಕ್ರವಾರ ಸಂಜೆ ದ್ವಾರಕಾದ ದೀಪ ಹಚ್ಚುತ್ತೇವೆ. ಕುಂದಾಪುರದಿಂದ ವೀಡಿಯೋ ಕಾಲ್‌ನಲ್ಲಿ ಅಪ್ಪ ನೋಡಿ, "ಎಡದ ಕೆಂಪು ದೀಪ ಉರಿತಿಲ್ಲ ಕಾಣ್" ಎಂದು ತಪ್ಪು ಹುಡುಕುತ್ತಾರೆ!

ಬಂಧುಗಳೇ, ನಿಮ್ಮ ಮನೆಯಲ್ಲೂ ಹಡಗಿನಲ್ಲಿ ಬಂದ ಅಪ್ಪನೋ, ಮಾವನೋ, ದೊಡ್ಡಪ್ಪನೋ ಇರಬಹುದು. ಎಪ್ಪತ್ತೈದು ದಾಟಿದವರು ಅವರು. ಹಡಗು ಕಟ್ಟಲು ಪುರುಸೊತ್ತಿಲ್ಲದಿದ್ದರೆ ಬೇಡ, ಎಲ್ಲಿ ಮಲಗಿದ್ದಿರಿ, ಏನು ತಿಂದಿರಿ, ದೀಪ ಎಷ್ಟಿತ್ತು ಎಂದಾದರೂ ಕೇಳಿ ಬರೆದಿಡಿ. ಹಳೆಯ ಟಿಕೆಟ್, ಫೋಟೋ, ಕಾಗದ ಇದ್ದರೆ ನಮ್ಮ ಕೂಟಕ್ಕೆ ಕಳಿಸಿ. ನಿಜ್ವಾದ ಕೋಟೆ ನೋಡಲು ಬಂದಾಗ ನಮ್ಮ ಮನೆಗೂ ಬನ್ನಿ. ಕಾಫಿ ಉಂಟು, ಹಲ್ವಾ ಉಂಟು. ಟೈಟಾನಿಕ್ ಅಂತ ಮಾತ್ರ ಹೇಳಬೇಡಿ!