ಕರೆಯದೆ ಬಂದ ಪರಿವಾರ

ಗಣಕಯಂತ್ರದ ಗುಂಡಿಯನ್ನೊತ್ತಿದ ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಕಿಟಕಿಗಳು, ಚಿತ್ರಗಳು, ಕಡತಗಳ ಸಾಲು ಕಾಣಿಸಿಕೊಳ್ಳುತ್ತವೆಯಷ್ಟೆ. ಈ ಮುಂಗಟ್ಟಿಗೆ ಡೆಸ್ಕ್‌ಟಾಪ್ ಎಂದು ಹೆಸರು. ಎಲ್ಲರೂ ತೆರೆದು ನೋಡಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶಗಳ ಲೋಕದಲ್ಲಿ ಇಂಥವು ಹಲವುಂಟು. 1997ರಲ್ಲಿ ಆರಂಭವಾದ ಗ್ನೋಮ್ ಅವುಗಳಲ್ಲಿ ಬಹು ಪ್ರಸಿದ್ಧವಾದುದು. ಲಿನಕ್ಸ್ ಇರಲಿ, ಬಿಎಸ್‌ಡಿ ಇರಲಿ, ಯಾವ ತಳಹದಿಯ ಮೇಲಾದರೂ ಅದು ನಿಲ್ಲಬಲ್ಲದೆಂಬುದು ಮೊದಲಿನ ನಂಬಿಕೆ. ಆ ನಂಬಿಕೆ ಸಡಿಲಿದ ಬಗೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ.

2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ ಎಂಬ ತಂತ್ರಜ್ಞರು ಸಿಸ್ಟಮ್‌ಡಿ ಎಂಬುದನ್ನು ಹೊರತಂದರು. ಲಿನಕ್ಸ್ ಯಂತ್ರದಲ್ಲಿ ಎಲ್ಲಕ್ಕಿಂತ ಮೊದಲು ಎದ್ದು ಉಳಿದವರನ್ನು ಎಬ್ಬಿಸುವುದು ಅದರ ಕೆಲಸ. ಬರಬರುತ್ತ ದಿನಚರಿ ಬರೆಯುವುದು, ಸಾಧನಗಳನ್ನು ಗುರುತಿಸುವುದು ಮುಂತಾದ ಹೊಣೆಗಳೂ ಅದರ ಪಾಲಿಗೆ ಬಂದವು. ಅದರದೊಂದು ಅಂಗ ಲಾಗಿನ್‌ಡಿ. ಯಂತ್ರದ ಮುಂದೆ ಈಗ ಕುಳಿತಿರುವವರು ಯಾರು, ಕೀಲಿಮಣೆಯೂ ಪರದೆಯೂ ಯಾರ ವಶಕ್ಕೆ ಸಲ್ಲಬೇಕು, ಯಂತ್ರವನ್ನು ಮಲಗಿಸುವ ಅಧಿಕಾರ ಯಾರದು ಎಂಬುದನ್ನೆಲ್ಲ ನೋಡಿಕೊಳ್ಳುವುದು ಇದೇ. ಹಿಂದೆ ಈ ಕೆಲಸ ಮಾಡುತ್ತಿದ್ದ ಕನ್ಸೋಲ್‌ಕಿಟ್ ನೋಡಿಕೊಳ್ಳುವವರಿಲ್ಲದೆ ಅನಾಥವಾಗಿತ್ತು. ಗ್ನೋಮ್ ಬರೆಯುವವರು ಲಾಗಿನ್‌ಡಿಯತ್ತ ವಾಲಿದುದು ಸಹಜವೇ; ಅವರನ್ನು ದೂರುವುದು ನ್ಯಾಯವಲ್ಲ.

ಆದರೆ ಫಲವೇನಾಯಿತು? ಒಬ್ಬರನ್ನು ಊಟಕ್ಕೆ ಕರೆದರೆ ಮನೆಮಂದಿಯೆಲ್ಲ ಬಂದು ಪಂಕ್ತಿಯಲ್ಲಿ ಕುಳಿತಂತಾಯಿತು. ಗ್ನೋಮ್ ಬೇಕೆಂದರೆ ಸಿಸ್ಟಮ್‌ಡಿಯೂ ಬೇಕು. ಸಿಸ್ಟಮ್‌ಡಿಯೋ ಲಿನಕ್ಸ್ ತಿರುಳಿಗೇ ವಿಶಿಷ್ಟವಾದ ಸೌಕರ್ಯಗಳ ಮೇಲೆ ಕಟ್ಟಿದ್ದು. ಬಿಎಸ್‌ಡಿಯವರು ಬಯಸಿದರೂ ಅದನ್ನು ಹಾಗೆಯೇ ತಂದಿಟ್ಟುಕೊಳ್ಳುವಂತಿಲ್ಲ. ಡೆಬಿಯನ್ ಬಳಗದಲ್ಲಿ 2014ರಲ್ಲಿ ಈ ಬಗ್ಗೆ ದೊಡ್ಡ ವಾದವೇ ನಡೆದು, ಒಪ್ಪದವರು ಡೆವುವಾನ್ ಎಂಬ ಬೇರೆ ಮನೆ ಮಾಡಿದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗ್ನೋಮ್ ಲಾಗಿನ್‌ಡಿಯೊಡನೆ ನೇರವಾಗಿ ಬೆಸೆದುಕೊಂಡಿರುವುದಕ್ಕಿಂತ ಹೆಚ್ಚಾಗಿ, ಡಿ-ಬಸ್ ಎಂಬ ಅಂಚೆಯ ಮೂಲಕ ಗೊತ್ತಾದ ಒಂದು ವಿಳಾಸಕ್ಕೆ ಪ್ರಶ್ನೆ ಕಳುಹಿಸುತ್ತದೆ. ಉತ್ತರ ಸರಿಯಾಗಿ ಬಂದರೆ ಸಾಕು. ಆ ವಿಳಾಸದಲ್ಲಿ ವಾಸಿಸುವವರು ಯಾರೆಂಬುದು ಅದಕ್ಕೆ ಬೇಕಿಲ್ಲ. 2015ರಲ್ಲಿ ಗೀಕ್ಸ್ ಯೋಜನೆಗಾಗಿ ಆಂಡಿ ವಿಂಗೊ ಅವರು ಮಾಡಿದುದು ಇದನ್ನೇ ಆಧರಿಸಿದ ಉಪಾಯ. ಸಿಸ್ಟಮ್‌ಡಿಯ ಮೂಲ ಬರಹದಿಂದ ಲಾಗಿನ್‌ಡಿಯನ್ನಷ್ಟೇ ಬಿಡಿಸಿ, ಅದು ಹಿರಿಯಣ್ಣನನ್ನು ಕೇಳುತ್ತಿದ್ದ ಕಡೆಗಳಲ್ಲೆಲ್ಲ ತಾನೇ ಕೆಲಸ ಮಾಡುವಂತೆ ತಿದ್ದಿದರು. ಯಂತ್ರವನ್ನು ಆರಿಸಬೇಕೇ? ಸಿಸ್ಟಮ್‌ಡಿಗೆ ಅರ್ಜಿ ಹಾಕದೆ ಹಳೆಯ ಆಜ್ಞೆಯನ್ನೇ ನೇರವಾಗಿ ಕರೆಯುವುದು. ಹೀಗೆ ಹುಟ್ಟಿದುದು ಇಲಾಗಿನ್‌ಡಿ. ಜೆಂಟೂ, ವಾಯ್ಡ್, ಡೆವುವಾನ್ ಬಳಸುವವರಿಗೂ ಅದು ಒದಗಿತು. ಡೆಸ್ಕ್‌ಟಾಪಿನ ಬರಹದ ತುಂಬ ಕತ್ತರಿಯಾಡಿಸುವುದಕ್ಕಿಂತ, ಅದು ಕೇಳುವ ಪ್ರಶ್ನೆಗೆ ಬೇರೊಬ್ಬ ಉತ್ತರಗಾರನನ್ನು ಒದಗಿಸುವುದು ಜಾಣತನವೆಂದು ನನ್ನ ಎಣಿಕೆ. ಕತ್ತರಿಸಿದ್ದನ್ನು ಪ್ರತಿ ಹೊಸ ಆವೃತ್ತಿಯಲ್ಲೂ ಮತ್ತೆ ಕತ್ತರಿಸಬೇಕಾಗುತ್ತದೆ; ಉತ್ತರಗಾರನಾದರೋ ಪ್ರಶ್ನೆ ಬದಲಾಗುವವರೆಗೆ ಬಾಳುತ್ತಾನೆ.

ಪ್ರಶ್ನೆಯೂ ಬದಲಾಗುವುದುಂಟು. ಗ್ನೋಮ್ ತನ್ನೊಳಗಿನ ಸಣ್ಣಪುಟ್ಟ ಸೇವೆಗಳನ್ನು ಎಬ್ಬಿಸಿ ಕಾಯುವ ಕೆಲಸವನ್ನೂ ಕ್ರಮೇಣ ಸಿಸ್ಟಮ್‌ಡಿಗೆ ವಹಿಸಿತು. ಅದಿಲ್ಲದವರಿಗಾಗಿ ಹಳೆಯ ಏರ್ಪಾಡನ್ನು ಕೆಲವು ವರ್ಷ ಉಳಿಸಿಕೊಂಡಿತ್ತು. 2025ರ ಸೆಪ್ಟೆಂಬರಿನಲ್ಲಿ ಬಂದ 49ನೆಯ ಆವೃತ್ತಿಯಲ್ಲಿ ಅದನ್ನೂ ತೆಗೆದುಹಾಕಲಾಯಿತು. ಇಬ್ಬಗೆಯ ಬರಹವನ್ನು ಪರೀಕ್ಷಿಸುತ್ತ ಕೂರಲು ಕೈಗಳಿಲ್ಲವೆಂಬುದು ಅವರ ಕಷ್ಟ. ಹೊರಗಿನವರ ಕಷ್ಟವೂ ಅದೇ ಕೈಗಳದು. ಇಲಾಗಿನ್‌ಡಿಯೊಂದೇ ಇನ್ನು ಸಾಲದು. ಸೇವೆಗಳನ್ನು ಎಬ್ಬಿಸುವ ಭಾಗಕ್ಕೂ ಬದಲಿಯನ್ನು ಬರೆಯಬೇಕು, ಇಲ್ಲವೇ ತೆಗೆದುಹಾಕಿದ ಸಾಲುಗಳನ್ನು ತಾವೇ ಹೊತ್ತು ಆವೃತ್ತಿಯಿಂದ ಆವೃತ್ತಿಗೆ ಹೊಂದಿಸುತ್ತ ಹೋಗಬೇಕು. ಗ್ನೋಮಿನ ಹೊಸ ಆವೃತ್ತಿಯೋ ಆರು ತಿಂಗಳಿಗೊಮ್ಮೆ ಬರುತ್ತದೆ.