ರಸ್ತೆಯಡಿಯ ಕೊಳವೆಗೆ ಮರಳಿನ ಕವಚ

ಭಾರಿ ಲಾರಿಯೊಂದು ಬೀದಿಯಲ್ಲಿ ಹಾದುಹೋದಾಗ ಮನೆಯ ಕಿಟಕಿಯ ಗಾಜು ಅದುರುವುದನ್ನು ವಾಚಕರು ಗಮನಿಸಿರಬಹುದು. ಹಾಗಾದರೆ ಆ ಬೀದಿಯ ಕೆಳಗೇ ಹೂತಿರುವ ಕುಡಿಯುವ ನೀರಿನ ಕೊಳವೆಯ ಗತಿಯೇನು? ಕೊಳವೆ ಬಿರಿದರೆ ನೀರು ಪೋಲಾಗುವುದಷ್ಟೇ ಅಲ್ಲ. ನೀರು ಬಿಡದ ಹೊತ್ತಿನಲ್ಲಿ ಒಳಗಿನ ಒತ್ತಡವಿಳಿದು, ಪಕ್ಕದ ಚರಂಡಿಯ ಹೊಲಸು ಅದೇ ಬಿರುಕಿನಿಂದ ಒಳಸೇರುವುದುಂಟು. ಆದಕಾರಣ ಇದು ಎಂಜಿನಿಯರರೊಬ್ಬರದೇ ಚಿಂತೆಯಲ್ಲ; ನಲ್ಲಿಯ ಕೆಳಗೆ ಕೊಡ ಹಿಡಿಯುವವರೆಲ್ಲರ ಚಿಂತೆ.

ಚಕ್ರದ ಭಾರವು ಮಣ್ಣಿನೊಳಗೆ ಇಳಿದಂತೆಲ್ಲ ಹರಡಿಕೊಳ್ಳುತ್ತದೆ. ಇದರ ಲೆಕ್ಕವನ್ನು ಫ್ರಾನ್ಸಿನ ಬೂಸಿನೆಸ್ಕ್ 1885ರಲ್ಲಿಯೇ ಕೊಟ್ಟಿದ್ದಾನೆ. ಆಳ ಇಮ್ಮಡಿಯಾದರೆ ಒತ್ತಡ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. 5,000 ಕಿಲೋಗ್ರಾಂ ಭಾರ ಒಂದೇ ಬಿಂದುವಿನಲ್ಲಿದೆಯೆಂದು ಭಾವಿಸಿದರೆ, ಅದರ ನೇರ ಕೆಳಗೆ ಅರ್ಧ ಮೀಟರ್ ಆಳದಲ್ಲಿ ಚದರ ಮೀಟರಿಗೆ ಸುಮಾರು 9,500 ಕಿಲೋಗ್ರಾಂ ಒತ್ತಡ. ಒಂದು ಮೀಟರಿನಲ್ಲಿ 2,400. ಎರಡು ಮೀಟರಿನಲ್ಲಿ 600 ಮಾತ್ರ. ಆದರೆ ಮಣ್ಣಿಗೂ ತೂಕವಿದೆಯಷ್ಟೆ: ಆಳದ ಪ್ರತಿ ಮೀಟರಿಗೂ ಅದು ಸುಮಾರು 1,800 ಕಿಲೋಗ್ರಾಂ ಸೇರಿಸುತ್ತ ಹೋಗುತ್ತದೆ. ಮೇಲೆಮೇಲೆ ಹೂತ ಕೊಳವೆಗೆ ಚಕ್ರ ಶತ್ರು, ಆಳದ ಕೊಳವೆಗೆ ಮಣ್ಣೇ ಹೊರೆ. ಅಲ್ಲದೆ, ಅರ್ಧ ಮೀಟರಿಗೇ ಬಂಡೆ ಸಿಕ್ಕರೆ ಆಳಕ್ಕೆ ಹೂಳುವುದಾದರೂ ಹೇಗೆ? ಮೇಲೆ ಕಾಂಕ್ರೀಟಿನ ಚಪ್ಪಡಿ ಹಾಕಬಹುದು. ದುರಸ್ತಿಯ ದಿನ ಅದನ್ನು ಒಡೆಯಬೇಕು.

ಇನ್ನೊಂದು ಉಪಾಯವಿದೆ. ಒಣ ಮರಳನ್ನು ಗುಡ್ಡೆಮಾಡಿ ಅಂಗೈಯಿಂದ ಒತ್ತಿರಿ; ಅದು ಪಕ್ಕಕ್ಕೆ ಸರಿದು ಕುಸಿಯುತ್ತದೆ. ಅದೇ ಮರಳನ್ನು ತಳವಿಲ್ಲದ ಡಬ್ಬಿಯಲ್ಲಿ ತುಂಬಿ ಒತ್ತಿರಿ, ಗಟ್ಟಿಯಾಗಿ ನಿಲ್ಲುತ್ತದೆ. ಮರಳು ಬದಲಾಗಿಲ್ಲ, ಪಕ್ಕಕ್ಕೆ ಸರಿಯುವ ಸ್ವಾತಂತ್ರ್ಯ ಹೋಗಿದೆ. ಕಣಗಳು ಒಂದನ್ನೊಂದು ಬಿಗಿಯಾಗಿ ಒತ್ತಿದಷ್ಟೂ ಅವುಗಳ ನಡುವಣ ಘರ್ಷಣೆ ಹೆಚ್ಚುತ್ತದೆ. (ನನ್ನ ವಿದ್ಯಾರ್ಥಿಗಳು ಸೂತ್ರಕ್ಕಿಂತ ಈ ಡಬ್ಬಿಯನ್ನೇ ಹೆಚ್ಚು ನಂಬುತ್ತಾರೆ!)

ಇಂಥ ನೂರಾರು ಡಬ್ಬಿಗಳನ್ನು ಜೇನುಹುಟ್ಟಿನ ಕಣ್ಣುಗಳಂತೆ ಜೋಡಿಸಿದರೆ ಅದೇ ‘ಜಿಯೋಸೆಲ್’. 1970ರ ದಶಕದಲ್ಲಿ ಅಮೆರಿಕದ ಸೇನೆಯ ಎಂಜಿನಿಯರುಗಳು, ಮರಳಿನಲ್ಲಿ ವಾಹನಗಳು ಹೂತುಹೋಗದಂತೆ ದಾರಿ ಮಾಡಲು ಇದನ್ನು ರೂಪಿಸಿದರು. ಮಡಚಿ ತಂದ ಪ್ಲಾಸ್ಟಿಕ್ ಪಟ್ಟಿಗಳನ್ನು ಹಿಗ್ಗಿಸಿ, ಕಣ್ಣುಗಳಿಗೆ ಮರಳು ತುಂಬಿ ದಮ್ಮಸ್ಸು ಮಾಡಿದರೆ, ಭಾರವನ್ನು ಅಗಲಕ್ಕೆ ಹಂಚುವ ಹಾಸು ಸಿದ್ಧ.

ಈ ಹಾಸು ಕೊಳವೆಯನ್ನು ಎಷ್ಟರಮಟ್ಟಿಗೆ ಕಾಯುತ್ತದೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. 75 ಮಿಲಿಮೀಟರ್ ಹೊರವ್ಯಾಸದ, 1.4 ಮಿಲಿಮೀಟರ್ ದಪ್ಪದ ಪಿ.ವಿ.ಸಿ. ಕೊಳವೆಯನ್ನು ಮರಳಿನಲ್ಲಿ ಹೂತು, ಟೈರಿನ ಬದಲು ಉಕ್ಕಿನ ಫಲಕದಿಂದ ಮೇಲೆ ಒತ್ತಿದರು. ಜಿಯೋಸೆಲ್ಲಿನ ಅಡಿಗೆ ಜಾಲರಿಯೊಂದನ್ನೂ ಹಾಸಿದಾಗ ಒತ್ತಡ ಶೇಕಡಾ 50ಕ್ಕಿಂತಲೂ, ಕೊಳವೆಯ ವಿಕೃತಿ ಶೇಕಡಾ 40ಕ್ಕಿಂತಲೂ ಹೆಚ್ಚು ತಗ್ಗಿತು. ಜಾಲರಿಯ ಕೆಲಸವೇನೆಂದರೆ, ನಾಲ್ವರು ಮೂಲೆ ಹಿಡಿದ ಜಮಖಾನೆಯಲ್ಲಿ ಕುಳಿತ ಮಗುವಿನ ಭಾರ ಅವರ ಕೈಗಳಿಗೆ ಹೋಗುವಂತೆ, ಹೊರೆಯನ್ನು ಅಂಚುಗಳಿಗೆ ಎಳೆದೊಯ್ಯುವುದು.

ಇದು ಪ್ರಯೋಗಶಾಲೆಯ ಸಣ್ಣ ಕೊಳವೆಯ ಮಾತು. ಬೀದಿಯಲ್ಲಿ ನಡೆಯುವುದೇ ಬೇರೆ. ಬಳುಕುವ ಕೊಳವೆಯನ್ನು ಮೇಲಿನಿಂದ ಒತ್ತಿದರೆ ಅದು ಅಂಡಾಕಾರ ತಾಳಿ ಪಕ್ಕಗಳಿಗೆ ಉಬ್ಬುತ್ತದೆ. ಆ ಉಬ್ಬನ್ನು ತಡೆಯತಕ್ಕದ್ದು ಪಕ್ಕದ ಮಣ್ಣು. ಅಗೆದ ಕಲ್ಲು, ಹೆಂಟೆಗಳನ್ನೆಲ್ಲ ಒಟ್ಟಿಗೆ ಗುಂಡಿಗೆ ನೂಕಿ ಹೋದಲ್ಲಿ, ಮೇಲೆ ಎಂಥ ಹಾಸು ಹಾಸಿದ್ದರೂ ಕೊಳವೆಯ ಪಕ್ಕಗಳಿಗೆ ಆಸರೆ ಇರುವುದಿಲ್ಲ.